ಪಿಕಲ್‌ಬಾಲ್ ಎಲ್ಲಿ ಆಡುವುದು? ಮೊದಲು ನೆಲ ನೋಡಿ, ಆಮೇಲೆ ತಿಂಗಳು ನೋಡಿ

"ಇಲ್ಲಿ ಹತ್ತಿರದಲ್ಲಿ ಪಿಕಲ್‌ಬಾಲ್ ಕೋರ್ಟ್ ಎಲ್ಲಿದೆ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: "ನಿಮ್ಮ ಕೇರಿಯಲ್ಲಿ ಶಟಲ್ ಎಲ್ಲಿ ಆಡುತ್ತಾರೆ?"

ತಮಾಷೆಗೆ ಕೇಳುವುದಲ್ಲ. ಪಿಕಲ್‌ಬಾಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಡಬಲ್ಸ್ ಆಡುವ ಶಟಲ್ ಕೋರ್ಟೂ ಸರಿಯಾಗಿ ಅಷ್ಟೇ. ಅದಕ್ಕೆ ಕಾರಣವೂ ಇದೆ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್ ಎಂಬ ಇಬ್ಬರು ಸ್ನೇಹಿತರು ಮನೆಯ ಹಳೇ ಶಟಲ್ ಕೋರ್ಟಿನಲ್ಲಿ ಆಡಲು ಹೊರಟರು. ಶಟಲ್ ಸಾಮಾನು ಪೂರ್ತಿ ಸಿಗಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಬಾಲು ಹಿಡಿದು ಶುರು ಮಾಡಿಯೇಬಿಟ್ಟರು. ಮೊದಲು ನೆಟ್ ಶಟಲ್ ಎತ್ತರಕ್ಕೇ ಇತ್ತು. ಬಾಲು ಡಾಂಬರಿನ ನೆಲದ ಮೇಲೆ ಚೆನ್ನಾಗಿ ಪುಟಿಯುವುದನ್ನು ನೋಡಿ ಅದನ್ನು 36 ಇಂಚಿಗೆ ಇಳಿಸಿದರು. ಮುಂದಿನ ವಾರ ಬಾರ್ನಿ ಮೆಕ್ಯಾಲಮ್ ಬಂದು ಸೇರಿಕೊಂಡರು, ಮೂವರೂ ಕೂತು ನಿಯಮ ಕಟ್ಟಿದರು. ಅಂದರೆ ಆಟ ಹುಟ್ಟಿದ್ದೇ ಇದ್ದದ್ದರಲ್ಲಿ ಹೊಂದಿಸಿಕೊಂಡು. ನಾವು ಶಿರಸಿಯಲ್ಲೋ ಕಾರವಾರದಲ್ಲೋ ಹೊಂದಿಸಿಕೊಂಡರೆ ತಪ್ಪೇನೂ ಇಲ್ಲ, ಅಲ್ವಾ?

ಪಿಕಲ್ ಅಂದ ಕೂಡಲೇ ನಮ್ಮ ಕಡೆಯವರಿಗೆ ಅಪ್ಪೆಮಿಡಿಯ ಭರಣಿ ನೆನಪಾಗುತ್ತದೆ. ಉಪ್ಪಿನಕಾಯಿಗೂ ಇದಕ್ಕೂ ಸಂಬಂಧ ಇಲ್ಲ. ದೋಣಿ ಪಂದ್ಯದಲ್ಲಿ ಬೇರೆ ಬೇರೆ ತಂಡದಲ್ಲಿ ಉಳಿದವರನ್ನು ಒಟ್ಟು ಹಾಕಿ ಓಡಿಸುವ ದೋಣಿಗೆ ಅಲ್ಲಿ 'ಪಿಕಲ್ ಬೋಟ್' ಅನ್ನುತ್ತಾರೆ. ನಾಲ್ಕು ಆಟದ ಚೂರು ಸೇರಿಸಿದ ಈ ಆಟಕ್ಕೆ ಪ್ರಿಚರ್ಡ್ ಅವರ ಹೆಂಡತಿ ಜೋನ್ ಆ ಹೆಸರು ಇಟ್ಟರು ಅಂತ ಅವರ ಮನೆಯವರು ಹೇಳುತ್ತಾರೆ. ಪಿಕಲ್ಸ್ ಅನ್ನುವ ನಾಯಿಯ ಕತೆಯನ್ನೂ ಕೇಳಿರುತ್ತೀರಿ. ಆ ನಾಯಿ ಮನೆಗೆ ಬಂದದ್ದು ಆಟಕ್ಕೆ ಹೆಸರು ಬಿದ್ದ ಮೇಲೆ.

ನಾನು ಇರುವುದು ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ತವರು ಕಾರವಾರ. ಬೆಂಗಳೂರಿನಲ್ಲಿರುವ ಮಗ ರಜೆಗೆ ಬಂದಾಗ ಎರಡು ಬ್ಯಾಟು, ನಾಲ್ಕು ಬಾಲು ತಂದಿದ್ದ. ಹೋಗುವಾಗ ಬಿಟ್ಟು ಹೋದ. ಅಲ್ಲಿಂದ ನನಗೆ ಜಾಗ ಹುಡುಕುವ ಹುಚ್ಚು ಹಿಡಿಯಿತು. ಘಟ್ಟದ ಮೇಲೂ ಆಡಿದ್ದೇನೆ, ಕೆಳಗೂ ಆಡಿದ್ದೇನೆ, ಎರಡೂ ಕಡೆ ಜಾರಿ ಬಿದ್ದಿದ್ದೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾವ ಜಾಗ ಒಳ್ಳೆಯದು ಅನ್ನುವುದನ್ನು ನೆಲ ಮತ್ತು ತಿಂಗಳು ಎರಡೇ ತೀರ್ಮಾನಿಸುತ್ತವೆ. ಬಾಡಿಗೆ, ಲೈಟು, ಪಾರ್ಕಿಂಗ್ ಎಲ್ಲ ಆಮೇಲೆ.

ನೆಲದ ಪರೀಕ್ಷೆ

ಜಾಗ ನೋಡಲು ಹೋಗುವಾಗ ಒಂದು ಬಾಲು ಜೊತೆಗೆ ಇರಲಿ. ಕೈ ಮೇಲೆತ್ತಿ, ಸುಮಾರು ಆರೂವರೆ ಅಡಿ ಎತ್ತರದಿಂದ ಅದನ್ನು ಸುಮ್ನೆ ಬಿಡಿ. ಒತ್ತಿ ಎಸೆಯಬೇಡಿ. ನೆಲ ಗಟ್ಟಿಯಿದ್ದರೆ ಬಾಲು ಪುಟಿದು ನಿಮ್ಮ ತೊಡೆಯ ಮೇಲ್ಭಾಗದ ತನಕ, ಅಂದರೆ ಎರಡೂವರೆ ಅಡಿ ಹತ್ತಿರ ಬರುತ್ತದೆ. ಈ ಲೆಕ್ಕ ನನ್ನದಲ್ಲ. ಪಂದ್ಯದ ಬಾಲಿಗೆ ಒಪ್ಪಿಗೆ ಕೊಡುವಾಗ 78 ಇಂಚು ಎತ್ತರದಿಂದ ಗ್ರಾನೈಟ್ ಮೇಲೆ ಬಿಟ್ಟು, 30ರಿಂದ 34 ಇಂಚು ಪುಟಿಯುತ್ತದೋ ಇಲ್ಲವೋ ನೋಡುತ್ತಾರೆ. ನಾವು ಅದೇ ಪರೀಕ್ಷೆಯನ್ನು ತಿರುಗಿಸಿ ನೆಲಕ್ಕೆ ಮಾಡುವುದು.

ಸಿಮೆಂಟಿನ ನೆಲ ಇದರಲ್ಲಿ ಪಾಸಾಗುತ್ತದೆ. ಮರದ ಹಲಗೆ ಹಾಸಿದ ಹಾಲ್ ಪರವಾಗಿಲ್ಲ. ಶಟಲ್ ಹಾಲಿನ ಹಸಿರು ಮ್ಯಾಟ್ ಮೇಲೆ ಬಾಲು ಸ್ವಲ್ಪ ಸೋಮಾರಿ, ಆದರೆ ಆಡಬಹುದು. ಸೆಗಣಿ ಸಾರಿಸಿದ ಮಣ್ಣಿನ ಅಂಗಳದಲ್ಲಿ ಬಾಲು ಮೊಣಕಾಲಿಗೇ ನಿಲ್ಲುತ್ತದೆ, ನಾಲ್ಕು ದಿನ ಆಡಿದರೆ ಅಂಗಳದ ಸಿಪ್ಪೆ ಎದ್ದು ಮನೆಯವರ ಮುಖ ಸಿಂಡರಿಸುತ್ತದೆ. ಒಂದೇ ಕಡೆ ಬಿಟ್ಟು ನೋಡಿ ಮುಗಿಸಬೇಡಿ. ಐದಾರು ಕಡೆ ಬಿಡಿ. ಹಳೇ ಸಿಮೆಂಟ್ ನೆಲದಲ್ಲಿ ಒಳಗೆ ಪೊಳ್ಳಾದ ಜಾಗ ಇರುತ್ತದೆ. ಅಲ್ಲಿ ಬಾಲಿನ ಸದ್ದೇ ಬೇರೆ.

ಕಾರವಾರದಲ್ಲಿ ಹುಟ್ಟಿದವಳಲ್ವಾ, ಬೀಚನ್ನೂ ಬಿಡಲಿಲ್ಲ. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಅದು ಸಾಕು. ನಾನೂ ನನ್ನ ತಮ್ಮನೂ ಕೋಲಲ್ಲಿ ಗೆರೆ ಎಳೆದು, ನೆಟ್ ಕಟ್ಟಿ ನಿಂತೆವು. ಮೊದಲ ಸರ್ವಿಸ್ ಪಚ್ ಅಂತ ಮರಳಲ್ಲಿ ಕೂತಿತು. ತಮ್ಮ ಅದರ ಹತ್ತಿರ ಹೋಗಿ ಬಗ್ಗಿ ನೋಡಿದ. "ಅಕ್ಕಾ, ಇದು ಏಳುವುದಿಲ್ಲ" ಅಂದ. ಅಲ್ಲಿಗೆ ಬೀಚಿನ ಅಧ್ಯಾಯ ಮುಗಿಯಿತು. ಬಾಕ್ಸ್ ಕ್ರಿಕೆಟ್ ಆಡುವ ಹುಲ್ಲುಹಾಸಿನ ಟರ್ಫ್ ಕೂಡ ಇದೇ ಜಾತಿ. ಅದರ ಮೇಲೆ ದುಡ್ಡು ಹಾಕಬೇಡಿ. ಮಣ್ಣಿನ ಮೈದಾನ ಎಷ್ಟೇ ದೊಡ್ಡದಿದ್ದರೂ ಇದಕ್ಕೆ ಬರುವುದಿಲ್ಲ.

ಶಟಲ್ ಹಾಲ್: ಮಳೆಗಾಲದ ಗತಿ

ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಆಯ್ಕೆ ಅನ್ನುವ ಮಾತೇ ಇಲ್ಲ. ತಲೆ ಮೇಲೆ ಸೂರು ಬೇಕು. ಹಾಗಾಗಿ ಒಂದು ಶಟಲ್ ಹಾಲಿನ ಮಾಲೀಕರ ಜೊತೆ ಒಳ್ಳೆಯ ಮಾತು ಇಟ್ಟುಕೊಳ್ಳುವುದು ಬೇಸಿಗೆಯಲ್ಲೇ ಮಾಡಬೇಕಾದ ಕೆಲಸ.

ಹೆಚ್ಚಿನ ಹಾಲ್‌ಗಳು ಬೆಳಗಿನ ಹೊತ್ತು ಮತ್ತು ಸಂಜೆ ಆರರ ಮೇಲೆ ತುಂಬಿರುತ್ತವೆ. ನಡು ಮಧ್ಯಾಹ್ನ ಖಾಲಿ. "ಹನ್ನೊಂದರಿಂದ ನಾಲ್ಕರ ಒಳಗೆ ಯಾವಾಗಾದರೂ ಕೊಡಿ" ಅಂದರೆ ಮಾಲೀಕರಿಗೂ ಖುಷಿ, ಬಾಡಿಗೆಯಲ್ಲೂ ಸ್ವಲ್ಪ ಇಳಿಯುತ್ತಾರೆ. ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಬರುವುದು ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಒಂದು ಚಹಾದ ಆಸುಪಾಸು. ಕೆಲಸಕ್ಕೆ ಹೋಗುವವರಿಗೆ ಮಾತ್ರ ಈ ಹೊತ್ತು ಆಗಿಬರುವುದಿಲ್ಲ. ಅವರು ಭಾನುವಾರ ನೋಡಿಕೊಳ್ಳಬೇಕು.

ನಾನು ಮೊದಲು ಕೇಳಿದ ಹಾಲಿನವರು "ಮ್ಯಾಟ್ ಹಾಳಾಗುತ್ತೆ ಮೇಡಂ" ಅಂದುಬಿಟ್ಟರು. ಬಾಲನ್ನು ಅವರ ಕೈಗೆ ಕೊಟ್ಟೆ. ಅದರ ತೂಕ 26 ಗ್ರಾಂ ಒಳಗೇ. ತಿರುಗಿಸಿ ನೋಡಿ ನಕ್ಕರು. ಮ್ಯಾಟಿಗೆ ತೊಂದರೆ ಆಗುವುದು ಬಾಲಿನಿಂದಲ್ಲ, ಶೂ ಮತ್ತು ಟೇಪಿನಿಂದ. ಶೂ ನಾನ್-ಮಾರ್ಕಿಂಗ್ ಇರಲಿ. ಟೇಪಿನ ಪಾಠ ನಾನು ಕಷ್ಟಪಟ್ಟು ಕಲಿತೆ. ಪಾರ್ಸೆಲ್ಲಿಗೆ ಅಂಟಿಸುವ ಕಂದು ಟೇಪ್ ಹಾಕಿ ಗೆರೆ ಮಾಡಿದ್ದೆ. ಕಿತ್ತಾಗ ಗೋಂದು ಅಷ್ಟೂ ನೆಲದಲ್ಲೇ ಉಳಿಯಿತು. ಮನೆಯಿಂದ ತೆಂಗಿನೆಣ್ಣೆ ತರಿಸಿ, ಹಳೇ ಬನಿಯನ್ ತುಂಡಿನಲ್ಲಿ ಒಂದು ಗಂಟೆ ತಿಕ್ಕಿದೆ. ಆಮೇಲೆ ಎಣ್ಣೆ ಜಾರುತ್ತದೆ ಅಂತ ಸೋಪಿನ ನೀರಲ್ಲಿ ಮತ್ತೊಮ್ಮೆ. ಪೇಂಟರ್‌ಗಳು ಕಿಟಕಿ ಅಂಚಿಗೆ ಹಚ್ಚುವ ಕಾಗದದ ಮಾಸ್ಕಿಂಗ್ ಟೇಪ್ ತಗೊಳ್ಳಿ. ಕಿತ್ತರೆ ಗುರುತೇ ಉಳಿಯುವುದಿಲ್ಲ.

ಟೇಪ್ ಬೇಕಾಗುವುದು ಒಂದೇ ಗೆರೆಗೆ, ನೆಟ್ಟಿನ ಎರಡೂ ಬದಿ. ಶಟಲ್ಲಿನ ಮುಂದಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿಗೆ ಇರುತ್ತದೆ. ನಮಗೆ ಬೇಕಾದದ್ದು ಏಳು ಅಡಿ. ಅರ್ಧ ಅಡಿ ಹಿಂದೆ ಹೊಸ ಗೆರೆ ಎಳೆದರಾಯಿತು. ಹೊರಗಿನ ಚೌಕಟ್ಟು, ನಡುಗೆರೆ ಇದ್ದದ್ದೇ ನಡೆಯುತ್ತದೆ. ಸಿಂಗಲ್ಸ್‌ನ ಒಳಗಿನ ಬದಿಗೆರೆ, ಹಿಂದಿನ ಗೆರೆಗಿಂತ ಎರಡೂವರೆ ಅಡಿ ಮುಂದಿರುವ ಡಬಲ್ಸ್ ಸರ್ವಿಸ್ ಗೆರೆ, ಇವೆರಡನ್ನೂ ಮರೆತುಬಿಡಿ. ಶುರುವಿನಲ್ಲಿ ಎಲ್ಲರೂ ಎಡವುವುದು ಈ ಮರೆಯುವ ಕೆಲಸದಲ್ಲೇ. ಒಳಗೆ ಬಿದ್ದ ಬಾಲಿಗೆ "ಔಟ್" ಅಂತ ಕೂಗಿ ಜಗಳ.

ನೆಟ್ ಇಳಿಸುವುದು ಇನ್ನೊಂದು ಕತೆ. ಶಟಲ್ ನೆಟ್ ಕಂಬದ ಹತ್ತಿರ 5 ಅಡಿ 1 ಇಂಚಿಗೆ ಇರುತ್ತದೆ. ನಮಗೆ ಬದಿಯಲ್ಲಿ 36 ಇಂಚು, ನಡುವೆ 34 ಇಂಚು ಸಾಕು. ನೆಟ್ಟಿನ ಅಗಲ ಎರಡೂವರೆ ಅಡಿ. ಕೆಳಗಿಳಿಸಿದರೆ ನೆಲಕ್ಕೂ ಅದಕ್ಕೂ ಅರ್ಧ ಅಡಿ ಸಂದು ಉಳಿಯುತ್ತದೆ, ತೊಂದರೆ ಇಲ್ಲ. ಕಂಬದಲ್ಲಿ ಕೊಕ್ಕೆ ಮೇಲೆ ಮಾತ್ರ ಇದ್ದರೆ ನೈಲಾನ್ ಹಗ್ಗ ಸುತ್ತಿ ಬಿಗಿಯಿರಿ. ನಡುವಿನ ಎರಡು ಇಂಚು ಇಳಿಸಲು ಏನೂ ಮಾಡಬೇಕಾಗಿಲ್ಲ, ನಮ್ಮ ಕಡೆಯ ನೆಟ್‌ಗಳು ತಾವಾಗೇ ಜೋಲುತ್ತವೆ.

ತಗಡಿನ ಸೂರಿನ ಹಾಲ್ ಆದರೆ ಇನ್ನೂ ಎರಡು ವಿಷಯ ಹೇಳಬೇಕು. ಆಷಾಢದ ಮಳೆ ತಗಡಿನ ಮೇಲೆ ಬಿದ್ದರೆ ಎದುರಿನವರು ಸ್ಕೋರ್ ಕೂಗಿದ್ದು ಕೇಳುವುದೇ ಇಲ್ಲ. ನಾವು ಬೆರಳಲ್ಲಿ ತೋರಿಸುತ್ತೇವೆ. ಮತ್ತೆ ಆ ತಿಂಗಳಲ್ಲಿ ನುಣುಪು ನೆಲ ಬೆವರುತ್ತದೆ. ಒಣಗಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಒಂದು ಒಣ ಒರಸು ಬಟ್ಟೆ ಮೂಲೆಯಲ್ಲಿ ಇಟ್ಟುಕೊಂಡೇ ಆಡಿ. ಕರೆಂಟ್ ಹೋದರೆ ಹಗಲಿನ ಹೊತ್ತು ಬುಕ್ ಮಾಡಿದವರಷ್ಟೇ ಗೆದ್ದರು.

ಅಡಿಕೆ ಅಂಗಳ: ನನ್ನ ಮೆಚ್ಚಿನ ಜಾಗ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಒಂದು ವಿಷಯ ಹೊಳೆಯುವುದೇ ಇಲ್ಲ. ಊರವರು ದುಡ್ಡು ಕೊಟ್ಟು ಹುಡುಕುವಂಥ ಸಿಮೆಂಟಿನ ಸಮತಟ್ಟು ಜಾಗ ಅವರ ಮನೆ ಮುಂದೆಯೇ ಇದೆ. ಅಡಿಕೆ ಒಣಗಿಸಲು ಮಾಡಿಸಿದ ಅಂಗಳ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ, ಮಧ್ಯದಲ್ಲಿ ಮಜ್ಜಿಗೆ ನೀರು ಬರುತ್ತದೆ.

ಆದರೆ ಅದಕ್ಕೆ ಅದರದೇ ಪಂಚಾಂಗ ಇದೆ. ನವೆಂಬರ್ ಹೊತ್ತಿಗೆ ಕೊಯ್ಲು ಶುರುವಾದರೆ ಅಂಗಳ ಅಡಿಕೆಯದು. ಅಡಿಕೆ ಒಣಗಿಸುವ ಅಟ್ಟ ಏಳುತ್ತದೆ, ತಟ್ಟಿ ಹರಡುತ್ತದೆ. ಆಗ ಬಾಲು ಹಿಡಿದು ಹೋದರೆ ಬೈಸಿಕೊಳ್ಳುವುದು ಖಚಿತ. ಫೆಬ್ರವರಿ ಕೊನೆಗೋ ಮಾರ್ಚಿಗೋ ಅಟ್ಟ ಬಿಚ್ಚಿದ ಮೇಲೆ ನಮ್ಮ ಸರದಿ. ಅದೂ ಇಡೀ ದಿನ ಅಲ್ಲ. ಏಪ್ರಿಲ್ ಬಂತೆಂದರೆ ಹಲಸಿನಕಾಯಿ ಹಪ್ಪಳ. ಅತ್ತೆ ಒಂಬತ್ತು ಗಂಟೆಗೆ ಚಾಪೆ ಹಾಸುತ್ತಾರೆ, ಅಷ್ಟರೊಳಗೆ ನೆಟ್ ಬಿಚ್ಚಿರಬೇಕು. ಒಂದು ದಿನ ಹತ್ತು–ಒಂಬತ್ತರಲ್ಲಿ ಗೇಮ್ ನಿಂತಿತ್ತು, ಗಡಿಯಾರದಲ್ಲೂ ಗಂಟೆ ಒಂಬತ್ತಾಗಿತ್ತು. ಅತ್ತೆ ಹಪ್ಪಳದ ಬುಟ್ಟಿ ಹಿಡಿದು ಜಗುಲಿಯಲ್ಲಿ ನಿಂತಿದ್ದರು. "ಅಡಿಕೆ ಒಣಗಿಸೋ ಅಂಗಳದಲ್ಲಿ ಎಂತಾ ಬಾಲ್ ಒಣಗಿಸ್ತೀರಿ ಇಷ್ಟು ಹೊತ್ತು?" ಅಂದರು.

ಅಳತೆಯೂ ಎಲ್ಲ ಮನೆಯಲ್ಲಿ ಸಾಲುವುದಿಲ್ಲ. ಕೋರ್ಟಿನ ಸುತ್ತ ಓಡಾಡಲು ಜಾಗ ಸೇರಿಸಿ 60 ಅಡಿಗೆ 30 ಅಡಿ ಇದ್ದರೆ ಒಳ್ಳೆಯದು. ನಮ್ಮ ಅಂಗಳ 50 ಅಡಿ ಉದ್ದ. ಹಿಂದೆ ಮೂರು ಮೂರು ಅಡಿ ಉಳಿಯುತ್ತದೆ. ಒಂದು ಕಡೆ ತುಳಸಿಕಟ್ಟೆ, ಇನ್ನೊಂದು ಕಡೆ ತೋಟಕ್ಕೆ ಇಳಿಯುವ ಮೆಟ್ಟಿಲು. ಹಾಗಾಗಿ ನಮ್ಮಲ್ಲಿ ಕೆಲವು ಮನೆ ನಿಯಮ ಇವೆ. ಕಟ್ಟೆಗೆ ಬಡಿದರೆ ಪಾಯಿಂಟ್ ಮತ್ತೆ ಆಡುವುದು. ಬಾಲು ಬಸಿಗಾಲುವೆಗೆ ಬಿದ್ದರೆ ಹೊಡೆದವರೇ ಇಳಿದು ತರಬೇಕು. ಈ ಎರಡನೇ ನಿಯಮ ಬಂದ ಮೇಲೆ ಎಲ್ಲರ ಕೈ ತಾನಾಗೇ ಹಗುರಾಯಿತು. ಪಿಕಲ್‌ಬಾಲಿಗೆ ಬೇಕಾದದ್ದೂ ಅದೇ.

ಮಳೆ ನಿಂತ ಕೂಡಲೇ, ಅಕ್ಟೋಬರಿನಲ್ಲಿ, ಯಾರೂ ಅಂಗಳಕ್ಕೆ ಇಳಿಯಬೇಡಿ. ಸಿಮೆಂಟಿನ ಮೇಲೆ ಹಾವಸೆ ಕಟ್ಟಿರುತ್ತದೆ. ಬಿಸಿಲಿಗೆ ಅದು ಕಪ್ಪಗೆ ಒಣಗಿ ಹೋದ ಹಾಗೆ ಕಾಣುತ್ತದೆ. ಬೆಳಗಿನ ಇಬ್ಬನಿ ಬಿದ್ದರೆ ಮತ್ತೆ ಲೋಳೆ. ನಾನು ಬಿದ್ದದ್ದು ಹಾಗೇ. ಮಣಿಕಟ್ಟು ಮೂರು ವಾರ ಊದಿತ್ತು. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹಾಕಿ, ಅರ್ಧ ಗಂಟೆ ಬಿಟ್ಟು, ಗಟ್ಟಿ ಪೊರಕೆಯಲ್ಲಿ ಉಜ್ಜಿದ ಮೇಲೆ ಆಡಿ. ಹೇಗೂ ಅಡಿಕೆ ಹಾಕುವ ಮೊದಲು ಅಂಗಳ ತೊಳೆಯಲೇಬೇಕಲ್ಲ.

ಇನ್ನೊಂದು ಸಮಸ್ಯೆ ಸದ್ದು. ಗಟ್ಟಿ ಬ್ಯಾಟಿಗೆ ಗಟ್ಟಿ ಬಾಲು ಬಡಿದರೆ ಟಕ್ ಟಕ್ ಅಂತ ಶಬ್ದ ದೂರ ಹೋಗುತ್ತದೆ. ಒಂಟಿ ಮನೆಗೆ ಚಿಂತೆ ಇಲ್ಲ. ಶಿರಸಿ ಪೇಟೆಯಲ್ಲೋ ಕಾರವಾರದ ಬಡಾವಣೆಯಲ್ಲೋ ಟೆರೇಸ್ ಮೇಲೆ ಆಡುವ ಯೋಚನೆ ಇದ್ದರೆ ಕೆಳಗಿನ ಮನೆಯವರನ್ನು ಮೊದಲು ಕೇಳಿ.

ಶಾಲೆಯ ಸಿಮೆಂಟ್ ಕೋರ್ಟ್, ಸರ್ಕಾರಿ ಕ್ರೀಡಾಂಗಣ

ಕರಾವಳಿಯವರಿಗೆ, ಅಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆ, ನವೆಂಬರಿನಿಂದ ಫೆಬ್ರವರಿ ತನಕ ನನ್ನ ಮೊದಲ ಆಯ್ಕೆ ಶಾಲೆ ಕಾಲೇಜುಗಳ ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟ್. ಅದು 28 ಮೀಟರ್ ಉದ್ದ, 15 ಮೀಟರ್ ಅಗಲ. ಎರಡು ಪಿಕಲ್‌ಬಾಲ್ ಕೋರ್ಟ್ ಅದರಲ್ಲಿ ಹಿಡಿಸುತ್ತದೆ. ಗೆರೆಗೆ ಸೀಮೆಸುಣ್ಣ ಸಾಕು.

ಅನುಮತಿಗೆ ಮುಖ್ಯೋಪಾಧ್ಯಾಯರನ್ನೂ, ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನೂ ಕಾಣಬೇಕು. ಒಂದು ಪುಟದ ಅರ್ಜಿ ಕೊಡಿ, ಬಾಯಿಮಾತಿಗೆ ಬಿಡಬೇಡಿ. ಮಕ್ಕಳಿಗೆ ಶನಿವಾರ ಒಂದು ತಾಸು ಕಲಿಸುತ್ತೇವೆ ಅಂದರೆ ಗೇಟು ಬೇಗ ತೆರೆಯುತ್ತದೆ. ನನಗೆ ತೆರೆದದ್ದು ಹಾಗೇ. ಮಕ್ಕಳು ನನಗಿಂತ ಬೇಗ ಕಲಿತರು, ಅದು ಬೇರೆ ಮಾತು.

ಕಡಲ ಪಕ್ಕದ ಊರಲ್ಲಿ ಹೊತ್ತು ನೋಡಿಕೊಳ್ಳಬೇಕು. ಬೆಳಿಗ್ಗೆ ಗಾಳಿ ಇರುವುದೇ ಇಲ್ಲ ಅನ್ನುವಷ್ಟು. ಬಿಸಿಲೇರಿದ ಮೇಲೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಸಂಜೆ ತನಕ ಬಿಡುವುದಿಲ್ಲ. ಇಷ್ಟು ಹಗುರದ ಬಾಲನ್ನು ಅದು ತನಗೆ ಬೇಕಾದ ಕಡೆ ಒಯ್ಯುತ್ತದೆ. ಹೊರಗೆ ಆಡಲು 40 ಸಣ್ಣ ತೂತಿನ ಗಟ್ಟಿ ಬಾಲು ಬರುತ್ತದೆ, ಒಳಗೆ ಆಡಲು 26 ದೊಡ್ಡ ತೂತಿನ ಮೆದು ಬಾಲು. ಒಳಗಿನ ಬಾಲು ತಂದು ಕಾರವಾರದ ಸಂಜೆ ಗಾಳಿಯಲ್ಲಿ ಆಡಿದರೆ ಅದು ಗಾಳಿಪಟ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಅಷ್ಟೇ ನಮ್ಮ ಹೊತ್ತು.

ಸರ್ಕಾರಿ ಕ್ರೀಡಾಂಗಣಗಳು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿರುತ್ತವೆ. ನಿಮ್ಮೂರಿನ ಕ್ರೀಡಾಂಗಣದಲ್ಲಿ ಒಳಾಂಗಣ ಶಟಲ್ ಕೋರ್ಟ್ ಇದ್ದರೆ ತಿಂಗಳ ಶುಲ್ಕ ಎಷ್ಟು ಅಂತ ವಿಚಾರಿಸಿ. ಅಲ್ಲಿ ಶಟಲ್ ತಂಡಗಳು ಹಳಬರು. ಅವರ ಹೊತ್ತು ಮುಟ್ಟದೆ ಕೇಳಿದರೆ ಕೆಲಸ ಆಗುತ್ತದೆ. ಕೈಗಾ ಟೌನ್‌ಶಿಪ್, ನೌಕಾನೆಲೆಯ ಕಾಲೊನಿ ಇವೆಲ್ಲ ಒಳಗೆ ಪರಿಚಯದವರಿದ್ದರೆ ಮಾತ್ರ.

ಗೋವಾಕ್ಕೆ ಹೋಗಬೇಕಾ?

ಕಾರವಾರದವರಿಗೆ ಈ ಆಸೆ ಸಹಜ. ಮಡಗಾಂವ್ ಹತ್ತಿರ ಹತ್ತಿರ 70 ಕಿಲೋಮೀಟರ್. ಗೋವಾದಲ್ಲಿ ಪಿಕಲ್‌ಬಾಲಿಗೆಂದೇ ಮಾಡಿದ ಕೋರ್ಟ್‌ಗಳಿವೆ. ಪ್ಲೇಯೋ, ಹಡಲ್ ತರದ ಆ್ಯಪ್‌ನಲ್ಲೋ ಮ್ಯಾಪಿನಲ್ಲೋ ಹುಡುಕಿದರೆ ಸಿಗುತ್ತವೆ. ಪ್ರತಿ ವಾರ ಹೋಗಿಬರುವುದು ನನ್ನ ಮಟ್ಟಿಗೆ ದಂಡ, ಪೆಟ್ರೋಲಿನ ದುಡ್ಡಲ್ಲಿ ಇಲ್ಲಿ ತಿಂಗಳು ಆಡಬಹುದು. ಆದರೆ ಒಂದು ಸಲ ಖಂಡಿತ ಹೋಗಿ. ಸರಿಯಾದ ಎತ್ತರದ ನೆಟ್, ಸರಿಯಾದ ನೆಲದಲ್ಲಿ ಬಾಲು ಹೇಗೆ ಪುಟಿಯುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. ಅಲ್ಲಿ ಬ್ಯಾಟ್ ಬಾಡಿಗೆಗೆ ಸಿಕ್ಕರೆ ಮೂರು ನಾಲ್ಕು ತರದ್ದು ಹಿಡಿದು ನೋಡಿ, ಆಮೇಲೆ ಕೊಳ್ಳಿ. ಹೊರಡುವ ಮೊದಲು ಫೋನ್ ಮಾಡಿ. ಮ್ಯಾಪಿನಲ್ಲಿ ಇದ್ದದ್ದೆಲ್ಲ ಬಾಗಿಲು ತೆರೆದಿರುವುದಿಲ್ಲ. ಶಿರಸಿಯವರು ಬೆಂಗಳೂರಿಗೆ ಹೇಗೂ ಹೋಗುತ್ತಿರುತ್ತಾರೆ, ಅಲ್ಲೇ ಈ ಕೆಲಸ ಮುಗಿಸಿಕೊಳ್ಳಬಹುದು.

ಆಟದ ಲೆಕ್ಕ

ಭಾವನಿಗೆ ನಾನು ಆಟ ಕಲಿಸಿದ ರೀತಿಯಲ್ಲೇ ಹೇಳುತ್ತೇನೆ.

ಸರ್ವಿಸ್ ಕೆಳಗಿನಿಂದ ಹೊಡೆಯಬೇಕು, ಬಾಲು ಸೊಂಟದ ಕೆಳಗಿರುವಾಗ. ಶಟಲ್ ಸರ್ವಿಸ್ ಬಂದವರಿಗೆ ಇದು ಹೊಸದಲ್ಲ. ಕೈ ಕೂರದಿದ್ದರೆ ಬಾಲನ್ನು ನೆಲಕ್ಕೆ ಬಿಟ್ಟು, ಪುಟಿದ ಮೇಲೆ ಹೊಡೆದರೂ ನಡೆಯುತ್ತದೆ. ಹೊಸಬರಿಗೆ ಇದೇ ಸುಲಭ. ಬಾಲು ಎದುರಿನ ಓರೆ ಚೌಕಕ್ಕೆ ಹೋಗಬೇಕು, ನೆಟ್ ಮುಂದಿನ ಏಳಡಿ ಜಾಗವನ್ನೂ ಅದರ ಗೆರೆಯನ್ನೂ ದಾಟಿ ಬೀಳಬೇಕು.

ಆಮೇಲೆ ಎರಡು ಪುಟಿತದ ನಿಯಮ. ಸರ್ವಿಸ್ ತೆಗೆದುಕೊಳ್ಳುವವರು ಬಾಲನ್ನು ಒಂದು ಸಲ ಪುಟಿಯಲು ಬಿಡಬೇಕು. ಅವರು ವಾಪಸ್ ಹೊಡೆದದ್ದನ್ನು ಸರ್ವಿಸ್ ಮಾಡಿದವರೂ ಪುಟಿಯಲು ಬಿಡಬೇಕು. ಮೂರನೇ ಹೊಡೆತ ಆದ ಮೇಲಷ್ಟೇ ಗಾಳಿಯಲ್ಲಿ ಹೊಡೆಯಬಹುದು. ಶಟಲ್ ಆಡಿ ಆಡಿ ಬಂದವರ ಕೈ ಇಲ್ಲಿ ತಡೆಯುವುದಿಲ್ಲ. ಬಾಲು ಕಂಡರೆ ಬ್ಯಾಟು ಏಳುತ್ತದೆ.

ಮುಖ್ಯ ವಿಷಯ ಕಿಚನ್. ನೆಟ್ಟಿನಿಂದ ಏಳು ಅಡಿ, ಎರಡೂ ಬದಿ. ಅಲ್ಲಿ ನಿಂತು ಗಾಳಿಯಲ್ಲಿರುವ ಬಾಲಿಗೆ ಹೊಡೆಯುವಂತಿಲ್ಲ. ಗೆರೆ ತುಳಿದರೂ ತಪ್ಪು. ಹೊರಗೆ ನಿಂತು ಹೊಡೆದು, ಆ ರಭಸಕ್ಕೆ ಕಾಲು ಒಳಗೆ ಹೋದರೂ ತಪ್ಪೇ. ಪುಟಿದ ಬಾಲಿಗಾದರೆ ಯಾವಾಗ ಬೇಕಾದರೂ ಒಳಗೆ ಹೋಗಬಹುದು. ನಮ್ಮ ಭಾವ ವಾಲಿಬಾಲ್ ಆಡಿದವರು, ಆರಡಿ ಆಳು. ನೆಟ್ ಹತ್ತಿರ ನಿಂತು ಬಂದದ್ದನ್ನೆಲ್ಲ ಚಚ್ಚುತ್ತಿದ್ದರು. "ಭಾವ, ನೀವು ಅಡುಗೆಮನೆಯಲ್ಲಿದ್ದೀರಿ, ಪಾಯಿಂಟ್ ನಮಗೆ" ಅಂತ ಐದಾರು ಸಲ ಹೇಳಿದೆ. ಜಗುಲಿಯಿಂದ ಅತ್ತೆ, "ಗಂಡಸ್ರು ಅಡುಗೆಮನೆಗೆ ಕಾಲಿಡದೇ ಇರೋದಕ್ಕೆ ನಿಯಮ ಬೇರೆ ಬೇಕಾಗಿತ್ತಾ?" ಅಂದರು. ಭಾವ ಅವತ್ತಿನಿಂದ ಗೆರೆ ನೋಡಿಕೊಂಡು ಆಡುತ್ತಾರೆ.

ಆ ಏಳಡಿ ಇರುವುದರಿಂದಲೇ ಎತ್ತರದವರು, ಜೋರು ಕೈಯವರು ಎಲ್ಲ ಗೆಲ್ಲುವುದಿಲ್ಲ. ಬಾಲನ್ನು ಮೆಲ್ಲಗೆ ನೆಟ್ ದಾಟಿಸಿ ಎದುರಿನವರ ಕಿಚನ್ನಿನಲ್ಲಿ ಬೀಳಿಸುವುದಕ್ಕೆ ಡಿಂಕ್ ಅನ್ನುತ್ತಾರೆ. ಅವರು ಬಗ್ಗಿ ಎತ್ತಲೇಬೇಕು, ಚಚ್ಚಲು ಬರುವುದಿಲ್ಲ. ಹದಿನೈದು ಡಿಂಕ್ ತಾಳ್ಮೆಯಿಂದ ಆಡಿದವರಿಗೆ ಹದಿನಾರನೆಯದು ಎತ್ತರಕ್ಕೆ ಬಂದೇ ಬರುತ್ತದೆ.

ಸ್ಕೋರ್ ಕೇಳಿ ಹೆದರಬೇಡಿ. ಗೇಮ್ 11ಕ್ಕೆ, ಎರಡು ಪಾಯಿಂಟ್ ಅಂತರ ಬೇಕು. ನಾವು ಆಡುವ ಹಳೇ ಪದ್ಧತಿಯಲ್ಲಿ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್. ಡಬಲ್ಸ್‌ನಲ್ಲಿ ಮೂರು ಅಂಕಿ ಕೂಗುತ್ತಾರೆ: ನಮ್ಮದು, ಅವರದು, ಸರ್ವಿಸ್ ಮಾಡುವವರು ಒಂದನೆಯವರೋ ಎರಡನೆಯವರೋ. ತಂಡದ ಇಬ್ಬರೂ ಸರ್ವಿಸ್ ಕಳೆದುಕೊಂಡ ಮೇಲೆ ಎದುರಿನವರಿಗೆ ಹೋಗುತ್ತದೆ. ಶುರು ಮಾಡುವ ತಂಡಕ್ಕೆ ಮಾತ್ರ ಮೊದಲ ಸಲ ಒಬ್ಬರಿಗೇ ಅವಕಾಶ, ಅದಕ್ಕೇ ಆಟ "ಸೊನ್ನೆ-ಸೊನ್ನೆ-ಎರಡು" ಅಂತ ಶುರುವಾಗುವುದು.

ಯಾರಿಂದ ಕಲಿಯುವುದು, ಏನು ಕೊಳ್ಳುವುದು

ವಿಡಿಯೋ ನೋಡಿ ನಿಯಮ ಕಲಿಯಬಹುದು, ಕೈ ಕಲಿಯುವುದಿಲ್ಲ. ಕೈ ಕಲಿಯಲು ಗೋಡೆಯೇ ಒಳ್ಳೆ ಗುರು. ಗಿಲಾವು ಮಾಡಿದ ಗೋಡೆಗೆ 34 ಇಂಚು ಎತ್ತರದಲ್ಲಿ ಸುಣ್ಣದ ಗೆರೆ ಎಳೆಯಿರಿ, ಏಳಡಿ ಹಿಂದೆ ನಿಂತು ಗೆರೆಗಿಂತ ಸ್ವಲ್ಪ ಮೇಲೆ ಮೆಲ್ಲಗೆ ಹೊಡೆಯಿರಿ. ಚಿರೇಕಲ್ಲಿನ ಬರೀ ಗೋಡೆ ಬೇಡ, ಬಾಲು ಎತ್ತಲೋ ಹಾರುತ್ತದೆ. ಟೇಬಲ್ ಟೆನಿಸ್ ಆಡಿದವರು ನಿಮ್ಮೂರಲ್ಲಿದ್ದರೆ ಅವರನ್ನು ಬಿಡಬೇಡಿ, ಈ ಆಟ ಅವರಿಗೆ ಒಂದು ವಾರದಲ್ಲಿ ಬರುತ್ತದೆ.

ಬ್ಯಾಟಿನಲ್ಲಿ ಮರದ್ದು ಅಗ್ಗ, ಆದರೆ ಭಾರ, ಮೊಣಕೈ ಹಿಡಿಯುತ್ತದೆ. ಒಳಗೆ ಜೇನುಗೂಡಿನಂಥ ಪ್ಲಾಸ್ಟಿಕ್, ಮೇಲೆ ಫೈಬರ್ ಗ್ಲಾಸ್ ಹೊದಿಸಿದ, 220 ಗ್ರಾಂ ಆಸುಪಾಸಿನ ಬ್ಯಾಟು ಹೊಸಬರಿಗೆ ಸಾಕು. ಕಾರ್ಬನ್ ಎಲ್ಲ ಆಮೇಲೆ. ಬ್ಯಾಟಿಗಿಂತ ಮೊದಲು ಶೂ ಕೊಳ್ಳಿ ಅನ್ನುತ್ತೇನೆ. ಓಡುವ ಶೂ ಬೇಡ, ಅಡ್ಡಕ್ಕೆ ಹೆಜ್ಜೆ ಇಟ್ಟಾಗ ಕಣಕಾಲು ತಿರುಗುತ್ತದೆ. ಶಟಲ್ ಶೂ ಸರಿ. ತಲೆ ಮೇಲೆ ಹೋದ ಬಾಲಿಗೆ ಹಿಂದೆ ಹಿಂದೆ ಓಡಬೇಡಿ, ಪೂರ್ತಿ ತಿರುಗಿ ಓಡಿ. ಐವತ್ತು ದಾಟಿದವರು ಬೀಳುವುದು ಹೆಚ್ಚಾಗಿ ಅಲ್ಲೇ. ಬಾಲನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೆದುವಾಗುತ್ತದೆ.

ಈಗ ನೀವು ಕೇಳಿದರೆ, ನನ್ನ ವರ್ಷ ಹೀಗೆ ಹೋಗುತ್ತದೆ. ಮಳೆಗಾಲದಲ್ಲಿ ಪೇಟೆಯ ಶಟಲ್ ಹಾಲ್, ಮಧ್ಯಾಹ್ನ ಮೂರಕ್ಕೆ. ದೀಪಾವಳಿ ಕಳೆದ ಮೇಲೆ ತವರಿಗೆ ಹೋದಾಗಲೆಲ್ಲ ಶಾಲೆಯ ಕೋರ್ಟ್, ಬೆಳಿಗ್ಗೆ. ಅಟ್ಟ ಬಿಚ್ಚಿದ ದಿನದಿಂದ ನಮ್ಮ ಅಂಗಳ. ಕಳೆದ ಬೇಸಿಗೆಯಲ್ಲಿ ಅಕ್ಕಪಕ್ಕದ ಮೂರು ಮನೆಯವರು ಸೇರಿಕೊಂಡಿದ್ದಾರೆ. ಈ ಸಲ ಅತ್ತೆ ಹಪ್ಪಳದ ಚಾಪೆಯನ್ನು ಹತ್ತು ಗಂಟೆಗೆ ಹಾಸಲು ಒಪ್ಪಿದ್ದಾರೆ. ಆಡಿದವರೆಲ್ಲ ಹಲಸಿನ ಸೊಳೆ ಬಿಡಿಸಿ ಕೊಡಬೇಕು, ಅದು ಅವರ ಷರತ್ತು.